ಶುಕ್ರವಾರ ಪಾಟ್ಸ್‌ಡ್ಯಾಮ್, ಶನಿವಾರ ಕ್ಯಾಂಟನ್

1992ರಲ್ಲಿ ಮೈಸೂರಿನಿಂದ ಎಂ.ಎಸ್. ಓದಲು ಹೊರಟಾಗ ನ್ಯೂಯಾರ್ಕ್ ಎಂದರೆ ಗಗನಚುಂಬಿ ಕಟ್ಟಡಗಳು ಎಂದೇ ನಾನೂ ತಿಳಿದಿದ್ದೆ. ಇಳಿದದ್ದು ಆ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಯ ಹತ್ತಿರದ ಪಾಟ್ಸ್‌ಡ್ಯಾಮ್ ಎಂಬ ಪುಟ್ಟ ಊರಿನಲ್ಲಿ. ನಾನು ಸೇರಿದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಟ್ಟು ಮೂರು ಸಾವಿರ ಚಿಲ್ಲರೆ. ಹಾಕಿ ಎಂದರೆ ನನಗೆ ಕೊಡಗಿನ ಹುಡುಗರು ಮತ್ತು ಕೆಮ್ಮಣ್ಣಿನ ಮೈದಾನ. ಅಲ್ಲಿ ಹಾಕಿ ಎಂದರೆ ಐಸ್ ಹಾಕಿ ಮಾತ್ರ.

ಕಾಲೇಜಿನ ಹಾಕಿ ಅಂಗಣವಾದ ಚೀಲ್ ಅರೀನಾ ಕಟ್ಟಿ ಆಗಿನ್ನೂ ಒಂದೇ ವರ್ಷವಾಗಿತ್ತು. ಸುಮಾರು ಮೂರು ಸಾವಿರ ಆಸನ. ಇಡೀ ಕಾಲೇಜನ್ನೇ ಹೆಚ್ಚುಕಡಿಮೆ ಒಳಗೆ ಕೂರಿಸಬಹುದು. ಹೊರಗೆ ಮೂಗಿನ ತುದಿ ಮರಗಟ್ಟುವ ಚಳಿ, ಒಳಗೆ ವಿದ್ಯಾರ್ಥಿಗಳ ಬ್ಯಾಂಡಿನ ಗದ್ದಲ. ಆ ಚಳಿಗಾಲದಲ್ಲಿ ತಂಡ ತನ್ನ ಲೀಗಿನ ಕಪ್ ಗೆದ್ದಿತು. ಅದರಲ್ಲಿದ್ದ ಕ್ರೇಗ್ ಕಾನ್ರಾಯ್ ಅದೇ ಊರಿನಲ್ಲಿ ಹುಟ್ಟಿದ ಹುಡುಗ. ನಾಲ್ಕೂ ವರ್ಷ ಅಲ್ಲೇ ಆಡಿ, 1994ರಲ್ಲಿ ಓದು ಮುಗಿಸಿ, ಆಮೇಲೆ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದ. ಈಗ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಜನರಲ್ ಮ್ಯಾನೇಜರ್.

ಹಾರ್ವರ್ಡ್, ಯೇಲ್, ಕಾರ್ನೆಲ್‌ಗಳು ನಮ್ಮ ಲೀಗಿನಲ್ಲೇ ಇದ್ದವು. ಅಷ್ಟು ದೊಡ್ಡ ಹೆಸರುಗಳು ಅಷ್ಟು ದೂರದ ಹಿಮದೂರಿಗೆ ಬರುತ್ತಿದ್ದುದರ ಹಿಂದೆ ಒಂದು ಸರಳ ಏರ್ಪಾಡಿತ್ತು. ಹನ್ನೊಂದನೇ ಹೆದ್ದಾರಿಯಲ್ಲಿ ಸುಮಾರು 17 ಕಿಲೋಮೀಟರ್ ಹೋದರೆ ಕ್ಯಾಂಟನ್. ಅಲ್ಲಿ ನಮಗಿಂತಲೂ ಚಿಕ್ಕದಾದ ಸೇಂಟ್ ಲಾರೆನ್ಸ್ ವಿಶ್ವವಿದ್ಯಾಲಯ. ಬಂದ ತಂಡ ಶುಕ್ರವಾರ ಒಂದು ಊರಿನಲ್ಲಿ ಆಡಿದರೆ ಶನಿವಾರ ಇನ್ನೊಂದರಲ್ಲಿ. ಬಸ್ಸಿನ ಪ್ರಯಾಣ ಒಂದು, ಪಂದ್ಯ ಎರಡು. ಮುಂದಿನ ವಾರ ನಮ್ಮ ಎರಡೂ ತಂಡಗಳು ಅದೇ ರೀತಿ ಹೊರಡುತ್ತಿದ್ದವು. ಕ್ಯಾಂಟನ್ ನಮ್ಮ ಕಡು ಎದುರಾಳಿ; ಆದರೆ ಅದು ಇಲ್ಲದೇ ಹೋಗಿದ್ದರೆ ನಮ್ಮ ಲೆಕ್ಕವೇ ಕೂಡುತ್ತಿರಲಿಲ್ಲ. 1988ರ ರಾಷ್ಟ್ರೀಯ ಫೈನಲ್‌ನಲ್ಲಿ ಲೇಕ್ ಸುಪೀರಿಯರ್ ಸ್ಟೇಟ್ ಎಂಬ ಮತ್ತೊಂದು ಚಿಕ್ಕ ಕಾಲೇಜಿಗೆ ಹೆಚ್ಚುವರಿ ಅವಧಿಯಲ್ಲಿ 4–3ರಿಂದ ಸೋತದ್ದನ್ನು ಸೇಂಟ್ ಲಾರೆನ್ಸ್‌ನವರು ನಿನ್ನೆಯ ಸಂಗತಿಯಂತೆ ಹೇಳುತ್ತಿದ್ದರು. ಲೇಕ್ ಸುಪೀರಿಯರ್ 1992ರಲ್ಲಿ, 1994ರಲ್ಲಿ ಮತ್ತೆ ಗೆದ್ದಿತು. ಚಿಕ್ಕವರು ದೊಡ್ಡವರನ್ನು ಸೋಲಿಸುವುದು ಈ ಆಟದ ಸಹಜ ಗುಣ ಎಂದು ನಾನು ನಂಬಿಬಿಟ್ಟೆ.

ಸಹಜ ಅಲ್ಲವೆಂದು ಗೊತ್ತಾದದ್ದು ಹತ್ತು ವರ್ಷದ ನಂತರ. ಕ್ಲಾರ್ಕ್‌ಸನ್ ಉಳಿದೆಲ್ಲ ಆಟಗಳಲ್ಲಿ ಮೂರನೇ ಡಿವಿಷನ್. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಮೊದಲ ಡಿವಿಷನ್ನಿನಲ್ಲಿ ಆಡುವ ಹಾಕಿಗೆ ಮಾತ್ರ ಅದನ್ನು ಕೊಡಲು ಹಳೆಯ ವಿನಾಯಿತಿ. ಇಂಥ ಎಂಟು ಕಾಲೇಜುಗಳ ವಿನಾಯಿತಿಯನ್ನು ಕಿತ್ತುಹಾಕುವ ಪ್ರಸ್ತಾಪ 2004ರ ಜನವರಿಯಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಸಮಾವೇಶದಲ್ಲಿ ಮತಕ್ಕೆ ಬಂತು. ಒಂದು ಆಟಕ್ಕೆ ಹಣ ಕೊಟ್ಟು ಉಳಿದ ಆಟಗಾರರಿಗೆ ಕೊಡದಿರುವುದು ಸರಿಯೇ ಎಂದು ವಿರೋಧಿಗಳು ಕೇಳಿದರು. ಪ್ರಶ್ನೆಯಲ್ಲಿ ಹುರುಳಿತ್ತು, ನಾನು ಒಪ್ಪುತ್ತೇನೆ. ಆದರೂ ಅರ್ಧ ವರ್ಷ ಹಿಮ ಬೀಳುವ ಊರಿಗೆ ಅದೊಂದು ಆಟವನ್ನೂ ಬಿಡು ಎನ್ನಲು ನನಗೆ ಮನಸ್ಸಾಗಲಿಲ್ಲ. ವಿನಾಯಿತಿ ಉಳಿಯಿತು.

ನನ್ನ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳ ಮೊದಲ ಡಿವಿಷನ್ ತಂಡವೇ ಇರಲಿಲ್ಲ. ಇಲ್ಲ ಎಂಬುದು ನಮ್ಮ ಗಮನಕ್ಕೂ ಬಂದಿರಲಿಲ್ಲ. ಅದು ನಮ್ಮ ತಪ್ಪೇ. 2003ರಲ್ಲಿ ಆ ತಂಡ ಶುರುವಾಯಿತು. 2014ರ ಮಾರ್ಚ್‌ನಲ್ಲಿ ಅದು ಮಿನ್ನೆಸೋಟ ವಿಶ್ವವಿದ್ಯಾಲಯವನ್ನು 5–4ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುತಿಂಗಳು ಗಂಡುಮಕ್ಕಳ ಫೈನಲ್‌ನಲ್ಲೂ ಸೋತದ್ದು ಮಿನ್ನೆಸೋಟವೇ. 7–4ರಿಂದ ಗೆದ್ದದ್ದು ನಮ್ಮ ಲೀಗಿನ ಯೂನಿಯನ್ ಕಾಲೇಜು: ವಿದ್ಯಾರ್ಥಿಗಳು ಸುಮಾರು 2,200, ಕ್ರೀಡಾ ವಿದ್ಯಾರ್ಥಿವೇತನ ಆಗ ಒಂದೂ ಇರಲಿಲ್ಲ. ನಮ್ಮ ಹುಡುಗಿಯರು 2017ರಲ್ಲಿ, 2018ರಲ್ಲಿ ಮತ್ತೆ ಗೆದ್ದರು. ನಮ್ಮ ಗಂಡುಮಕ್ಕಳ ತಂಡಕ್ಕೆ ರಾಷ್ಟ್ರೀಯ ಕಪ್ ಇಂದಿಗೂ ದಕ್ಕಿಲ್ಲ.

ಚಿಕ್ಕ ಕಾಲೇಜಿನ ಬಂಡವಾಳ ತಾಳ್ಮೆಯಾಗಿತ್ತು. ಯಾರೂ ಕಣ್ಣು ಹಾಕದ ಹುಡುಗನನ್ನು ತಂದು, ನಾಲ್ಕು ವರ್ಷ ಪಳಗಿಸಿ, ಕೊನೆಯ ವರ್ಷ ಹದಿನೆಂಟರ ಪ್ರತಿಭಾವಂತರ ಎದುರು ನಿಲ್ಲಿಸುವುದು. ಈಗ ಎರಡನೇ ವರ್ಷಕ್ಕೇ ಅವನು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ ದೊಡ್ಡ ಕಾಲೇಜಿಗೆ ಹೋಗಬಹುದು. ಹೋಗುವ ಹಕ್ಕು ಅವನದು. ಕೋಚ್‌ಗಳು ಯಾವತ್ತೂ ಹಾಗೆ ಕಾಲೇಜು ಬದಲಿಸುತ್ತಲೇ ಇದ್ದರಲ್ಲ. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಕೆನಡಾದ ಮೇಜರ್ ಜೂನಿಯರ್ ಲೀಗುಗಳ ಹುಡುಗರಿಗೂ ಬಾಗಿಲು ತೆರೆಯಿತು. ಪೆನ್ ಸ್ಟೇಟ್ ಮೊದಲ ಡಿವಿಷನ್‌ಗೆ ಬಂದದ್ದೇ 2012ರಲ್ಲಿ, ಒಬ್ಬ ದಾನಿಯ 8 ಕೋಟಿ ಡಾಲರಿಗೂ ಮಿಕ್ಕಿದ ಕೊಡುಗೆಯಿಂದ. 2025ರಲ್ಲಿ ಅದು ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರಲ್ಲಿತ್ತು. ಈ ಹಣದ ಪೈಪೋಟಿಯಲ್ಲಿ ತಾಳ್ಮೆಗೆ ಎಷ್ಟು ಬೆಲೆ ಉಳಿದೀತು ಎಂಬುದೇ ನನ್ನ ಚಿಂತೆ.

ಕಳೆದ ಚಳಿಗಾಲ ಹೆಂಡತಿಯೊಂದಿಗೆ ಮತ್ತೆ ಪಾಟ್ಸ್‌ಡ್ಯಾಮ್‌ಗೆ ಹೋಗಿದ್ದೆ. ಅರೀನಾದ ಒಳಗೆ ನನಗೆ ಗುರುತಿದ್ದ ಮುಖ ಒಂದೂ ಇರಲಿಲ್ಲ. ಬ್ಯಾಂಡ್ ಇತ್ತು, ಮೊದಲಿನಷ್ಟೇ ಜೋರಾಗಿ. ಪಂದ್ಯ ಮುಗಿದು ಹೊರಬಂದಾಗ ಎದುರಾಳಿಗಳ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಹುಡುಗರು ಸ್ಟಿಕ್ಕುಗಳ ಕಟ್ಟನ್ನು ಅದರ ಹೊಟ್ಟೆಗೆ ತುಂಬುತ್ತಿದ್ದರು. ಮರುದಿನ ಸಂಜೆ ಅವರ ಆಟ ಕ್ಯಾಂಟನ್‌ನಲ್ಲಿ. ನಾವೂ ಟಿಕೆಟ್ ತೆಗೆದುಕೊಂಡೆವು.