ಬನಾನಾ ಬೋಟ್ ಮೇಲೆ ಐದು ಜನ

ಥರ್ಡ್ ಸೆಮ್ ಎಕ್ಸಾಮ್ ಮುಗಿದ ರಾತ್ರಿಯೇ ನಾವು ಐದು ಜನ ಉಡುಪಿ ಬಸ್ ಹತ್ತಿದ್ವಿ. ಬೆಳಿಗ್ಗೆ ಮಲ್ಪೆ ಬೀಚ್. ಪ್ಲಾನ್ ಒಂದೇ: ಬನಾನಾ ಬೋಟ್. ಹೆಸರಿಗೆ ಬೋಟ್, ಆದರೆ ಅದಕ್ಕೆ ಇಂಜಿನ್ ಇಲ್ಲ. ಗಾಳಿ ತುಂಬಿದ ಉದ್ದನೆಯ ಹಳದಿ ಟ್ಯೂಬ್ ಅಷ್ಟೇ. ಮುಂದೆ ಮೋಟಾರ್ ಬೋಟ್ ಹಗ್ಗ ಕಟ್ಟಿ ಎಳೆಯುತ್ತೆ, ನಾವು ಕುದುರೆ ಮೇಲೆ ಕೂತ ಹಾಗೆ ಸಾಲಾಗಿ ಕೂತು ಕಿರುಚಬೇಕು.

ನಮ್ಮಲ್ಲೊಬ್ಬ ಚಳ್ಳಕೆರೆ ಕಡೆಯವನು. ಸಮುದ್ರ ನೋಡಿದ್ದೇ ಅವತ್ತು. "ನಾನು ಬ್ಯಾಗ್ ನೋಡ್ಕೋತೀನಿ, ನೀವು ಹೋಗ್ರೋ" ಅಂದ. ನಾವು ಬಿಡ್ತೀವಾ? "ಲೈಫ್ ಜಾಕೆಟ್ ಕೊಡ್ತಾರಲ್ಲೋ, ಭಯ ಯಾಕೆ" ಅಂತ ಎಳ್ಕೊಂಡು ಹೋದ್ವಿ. ಈಜು ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ.

ಜಾಕೆಟ್‌ಗಳನ್ನು ರಾಶಿ ಹಾಕಿದ್ದರು. ಕೈಗೆ ಸಿಕ್ಕಿದ್ದು ಹಾಕ್ಕೊಂಡ್ವಿ. ಅವನು ಕಡ್ಡಿ ಥರ ಇದ್ದಾನೆ, ಸಿಕ್ಕಿದ್ದು ಡಬಲ್ ಸೈಜ್. ಕೆಳಗಿನ ಬಕಲ್ ಮುರಿದಿತ್ತು. ನಾವು ನೋಡಿದ್ವಿ, ನಕ್ಕು ಫೋಟೋನೂ ತೆಗೆದ್ವಿ.

ಮೊದಲ ಎರಡು ನಿಮಿಷ ಸ್ವರ್ಗ. ಆಮೇಲೆ ಬೋಟ್ ಜೋರಾಗಿ ತಿರುಗಿತು, ನಾವು ಐದೂ ಜನ ನೀರಲ್ಲಿ. ಬೀಳಿಸೋದೂ ಆಟದ ಭಾಗವೇ ಅಂತ ನಮಗೆ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ. ನಾವು ನಾಲ್ವರು ನಗ್ತಾ ಮೇಲೆ ಬಂದ್ವಿ. ಅವನ ಜಾಕೆಟ್ ಮೇಲೆ ಬಂತು, ಅವನ ಮುಖ ಅದರೊಳಗೆ. ಕೈ ಬಡೀತಿದ್ದ, ಬಾಯಿಂದ ಸದ್ದೇ ಇಲ್ಲ. ಬೋಟಿನ ಹುಡುಗ ಹಾರಿ ಬಂದು ಎತ್ತಿದ. ಹತ್ತು ಹದಿನೈದು ಸೆಕೆಂಡ್ ಇರಬಹುದು. ಅಷ್ಟು ಹೊತ್ತೂ ನಾವು ಅವನು ಆಟ ಆಡ್ತಿದ್ದಾನೆ ಅಂದ್ಕೊಂಡಿದ್ವಿ.

ಸಂಜೆ ಗೋಳಿಬಜೆ ತಿನ್ನುವಾಗ ಅವನು ಹೇಳಿದ್ದು ಒಂದೇ ಮಾತು: "ಈಜು ಬರಲ್ಲ ಅನ್ನೋಕೆ ನಾಚಿಕೆ ಆಯ್ತು ಕಣ್ರೋ."

ಹಾಸ್ಟೆಲ್‌ಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದ್ವಿ. ನಾವು ಪಾಸಾದ ಫಿಸಿಕ್ಸೇ. ಗಂಟೆಗೆ 32 ಕಿಮೀ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವು ತಗೊಂಡರೆ, 60 ಕೆಜಿಯವನನ್ನು ಸುಮಾರು 24 ಕೆಜಿ ತೂಕದಷ್ಟು ಬಲ ಹೊರಗೆ ತಳ್ಳಿದ ಹಾಗೆ ಅನಿಸುತ್ತೆ. ಟ್ಯೂಬ್ ತಿರುವಿನ ಹೊರಗೆ ಬೀಸಿಕೊಂಡು ಹೋದರೆ ಅದರ ವೇಗ ಬೋಟಿಗಿಂತಲೂ ಹೆಚ್ಚು. ಹಗ್ಗದ ಲೆಕ್ಕ ಇನ್ನೂ ಆಶ್ಚರ್ಯ: ಅಮೆರಿಕದಲ್ಲಿ ನಾಲ್ಕು ಜನರ ಟ್ಯೂಬಿಗೆ ಕನಿಷ್ಠ 4,100 ಪೌಂಡ್, ಅಂದರೆ ಸುಮಾರು 1,860 ಕೆಜಿ ತಡೆಯುವ ಹಗ್ಗ ಬೇಕು ಅಂತಾರೆ. ನಾವು ಹಗ್ಗದ ಕಡೆ ತಿರುಗಿಯೂ ನೋಡಿರಲಿಲ್ಲ.

ಈಗ ನಮ್ಮದೊಂದು ರೂಲ್ ಇದೆ. ಜಾಕೆಟ್ ಹಾಕಿ ಎಲ್ಲಾ ಬಕಲ್ ಬಿಗಿ ಮಾಡಿ ಕೈ ಎತ್ತಬೇಕು, ಇನ್ನೊಬ್ಬ ಭುಜ ಹಿಡಿದು ಮೇಲಕ್ಕೆ ಎಳೆಯಬೇಕು. ಕಿವಿ ತನಕ ಬಂದರೆ ಬೇರೆ ಕೇಳಬೇಕು. ಟ್ಯೂಬ್ ಮೇಲೆ ಬರೆದಿರುವುದಕ್ಕಿಂತ ಒಬ್ಬರೂ ಜಾಸ್ತಿ ಹತ್ತಬಾರದು. ಹಗ್ಗ, ಪಟ್ಟಿ ಯಾವುದನ್ನೂ ಕೈಗೆ ಸುತ್ತಿಕೊಳ್ಳಬಾರದು. ಬೋಟಿನಲ್ಲಿ ಓಡಿಸುವವನ ಜೊತೆ ಹಿಂದಕ್ಕೆ ನೋಡ್ತಾ ಇರೋಕೆ ಇನ್ನೊಬ್ಬ ಇರಬೇಕು. ಹೆಬ್ಬೆರಳು ಮೇಲೆ ಅಂದರೆ ಜೋರು, ಕೆಳಗೆ ಅಂದರೆ ನಿಧಾನ, ಕತ್ತಿನ ಮುಂದೆ ಕೈ ಆಡಿಸಿದರೆ ನಿಲ್ಲಿಸು. ಇದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಬೀಳಿಸಬೇಡಿ ಅಂತಲೂ ಆಗಲೇ ಹೇಳಬೇಕು. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ಇಂಜಿನ್ ಆಫ್ ಆಗಿರಬೇಕು, ಕೆಳಗೆ ಪ್ರೊಪೆಲ್ಲರ್ ಇರುತ್ತೆ.

ಈ ಸೆಮ್ ಮುಗಿದ ಮೇಲೆ ಹೋಗೋಕಾಗಲ್ಲ, ಮಳೆಗಾಲದಲ್ಲಿ ಇದೆಲ್ಲಾ ಬಂದ್. ಮುಂದಿನ ಚಳಿಗಾಲಕ್ಕೆ ಮತ್ತೆ ಐದೂ ಜನ ಹೋಗ್ತೀವಿ. ಅವನು ಬ್ಯಾಗ್ ನೋಡ್ಕೋತೀನಿ ಅಂದರೆ, ಈ ಸಲ ಸರಿ ಅಂತೀವಿ.