ನಾಲ್ವರ ಕಥೆ

ವಿಶಾಖಪಟ್ಟಣದಲ್ಲಿ ಮೂವರು, ವಿಜಯವಾಡಕ್ಕೆ ವರ್ಗವಾದವರು ಒಬ್ಬರು. ನಾವು ನಾಲ್ವರು ಕನ್ನಡಿಗರು ಕೂಡಿ ಒಂದು ಕಥೆ ಬರೆಯಹೊರಟೆವು. ಎಲ್ಲರೂ ಕೇಂದ್ರ ಸರಕಾರದ ಗುಮಾಸ್ತರೇ. ಕಡತಕ್ಕೆ ಟಿಪ್ಪಣಿ ಬರೆದು ಗೊತ್ತೇ ಹೊರತು ಕಥೆ ಕಟ್ಟಿ ಗೊತ್ತಿಲ್ಲ. ಸರದಿಯ ಮೇಲೆ ಒಬ್ಬೊಬ್ಬರಿಗೆ ಎರಡು ಪುಟ. ನೋಟ್‌ಬುಕ್ಕು ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಪರಿಚಿತರ ಕೈಯಲ್ಲಿ ಓಡಾಡಿತು.

ತೆಲುಗಿನ ತಿರುಪತಿ ವೆಂಕಟ ಕವಿಗಳೇ ನಮಗೆ ಧೈರ್ಯ. ತಿರುಪತಿ ಶಾಸ್ತ್ರಿಗಳು ತೀರಿಕೊಂಡ ಮೇಲೂ ಚೆಳ್ಳಪಿಳ್ಳ ವೆಂಕಟಶಾಸ್ತ್ರಿಗಳು ಜಂಟಿ ಹೆಸರನ್ನು ಬಿಡಲಿಲ್ಲ. ನಮ್ಮಲ್ಲಿ ತಕರಾರು ಬಂದದ್ದು ಹೆಸರಿಗಲ್ಲ.

ಕಥೆಯಲ್ಲಿ ಹಾವೇರಿಯ ಮುದುಕಿಯೊಬ್ಬಳು ಮಗನ ದಾರಿ ಕಾಯುತ್ತಾಳೆ. ಕಥೆಗೆ ಕಳೆ ಬರಲೆಂದು ಮೂರನೆಯವರು ಅವಳನ್ನು ಸಾಯಿಸಿಬಿಟ್ಟರು. ನಾವೂ ಭೇಷ್ ಎಂದೆವು! ವಿಜಯವಾಡಕ್ಕೆ ಹೋದ ನೋಟ್‌ಬುಕ್ಕು ಮೂರು ವಾರ ತಿರುಗಿ ಬರಲಿಲ್ಲ. ಅಲ್ಲಿನ ಗೆಳೆಯರ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ನಮಗೆ ಗೊತ್ತಿದ್ದ ಸಂಗತಿಯೇ. ಬರೆಯುವ ಉತ್ಸಾಹದಲ್ಲಿ ಮರೆತಿದ್ದೆವು. ಕೊನೆಗೆ ಬಂದಾಗ ಒಂದೇ ಸಾಲಿತ್ತು: “ನೀವೇ ಮುಗಿಸಿರಿ, ನಾನು ರಜೆ ಹಾಕಿ ಊರಿಗೆ ಹೊರಟೆ.”

ಆ ಹಾಳೆ ಹರಿದು ಮುದುಕಿಯನ್ನು ಉಳಿಸಿಕೊಂಡೆವು. ಕಥೆ ಸಪ್ಪೆಯಾಯಿತೆಂದು ಮೂರನೆಯವರ ಗೊಣಗಾಟ ಇನ್ನೂ ನಿಂತಿಲ್ಲ. ಕೊನೆಯ ಎರಡು ಪುಟ ಊರಿಗೆ ಹೋದವರಿಗೆಂದೇ ಬಿಟ್ಟಿದ್ದೇವೆ.