ತನಗಾಗಿ ಹಿಡಿಯದ ನಾಯಿ

ಹದಿನೇಳು ವರ್ಷಗಳಿಂದ ನಾನು ಹೆಣ್ಣುಮಕ್ಕಳ ಮದ್ರಸದಲ್ಲಿ ಫಿಕ್ಹ್ ಕಲಿಸುತ್ತಿದ್ದೇನೆ. ಅದರಲ್ಲಿ ಬೇಟೆಯದ್ದೊಂದು ಅಧ್ಯಾಯವಿದೆ. ಶಿವಮೊಗ್ಗದ ಹುಡುಗಿಯರಿಗೆ ಬೇಟೆಯ ಗೊಡವೆ ಏಕೆಂದು ಅದನ್ನು ಬೇಗ ಬೇಗ ಮುಗಿಸಿಬಿಡುವುದು ನನ್ನ ರೂಢಿ. ಒಂದು ವರ್ಷ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಆಪಾ, ಹಸಿದ ನಾಯಿ ಬಾಯಿಗೆ ಸಿಕ್ಕಿದ್ದನ್ನು ತಿನ್ನದೆ ತಂದುಕೊಡುತ್ತದೆಯೇ? ನಮ್ಮ ಬೀದಿಯ ನಾಯಿಗಳು ಎಂದೂ ಹಾಗೆ ಮಾಡಲಿಕ್ಕಿಲ್ಲ" ಎಂದಳು. ಎಲ್ಲರೂ ನಕ್ಕರು. "ಕಿತಾಬಿನಲ್ಲಿ ಇರುವುದನ್ನು ಬರೆದುಕೋ, ಪರೀಕ್ಷೆಗೆ ಬರುತ್ತದೆ" ಎಂದು ಕೂರಿಸಿದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಬೇಟೆನಾಯಿಯನ್ನು ನಾನೂ ಕಂಡವಳಲ್ಲ.

ಕಂಡದ್ದು 2023ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ನನ್ನ ತಂಗಿಯ ಸಂಸಾರ ಅಲ್ಲಿ ಸ್ಕಿಪ್ಟನ್ ಎಂಬ ಪಟ್ಟಣದಲ್ಲಿದೆ. ಊರು ದಾಟಿದರೆ ಹಸಿರು ಗುಡ್ಡಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಉದ್ದುದ್ದ ಗೋಡೆಗಳು, ಕುರಿಗಳು. ಚಳಿಗಾಲದಲ್ಲಿ ಎಂಟು ಗಂಟೆ ಕಳೆದ ಮೇಲೆ ಸೂರ್ಯ ಹುಟ್ಟುತ್ತಾನೆ, ನಾಲ್ಕಕ್ಕೆ ಮುಂಚೆಯೇ ಮುಳುಗುತ್ತಾನೆ. ಝುಹರ್ ಮುಗಿಸಿ ಊಟದ ಪಾತ್ರೆ ತೊಳೆಯುವಷ್ಟರಲ್ಲಿ ಅಸರ್. ಒಂದು ಭಾನುವಾರ ತಂಗಿಯ ಗಂಡ, "ಆಪಾ, ನನಗೆ ಪರಿಚಯದ ಅಜ್ಜ ಒಬ್ಬರು ಮೊಲ ಹಿಡಿಯಲು ಹೋಗುತ್ತಾರೆ, ನೋಡುವಿರಾ?" ಎಂದರು. ಬುರ್ಖಾದ ಮೇಲೆ ತಂಗಿಯ ಕೋಟು, ಕಾಲಿಗೆ ಅವಳದೇ ರಬ್ಬರ್ ಬೂಟು ಹಾಕಿಕೊಂಡು ಹೊರಟೆ.

ನಮ್ಮ ಕಾಡಿನ ಮೊಲಕ್ಕೂ ಅಲ್ಲಿಯದ್ದಕ್ಕೂ ವ್ಯತ್ಯಾಸವಿದೆ. ನಮ್ಮದು ಬಿಲ ತೋಡುವುದಿಲ್ಲ, ಪೊದೆಯ ಮರೆಯಲ್ಲಿ ಮಲಗುತ್ತದೆ. ಅಲ್ಲಿಯದು ನೆಲದೊಳಗೆ ಒಂದು ಕೇರಿಯನ್ನೇ ಕಟ್ಟಿ ಹತ್ತಾರು ಬಾಗಿಲು ಇಟ್ಟುಕೊಂಡು ಬಾಳುತ್ತದೆ. ಅದು ಆ ದ್ವೀಪದ ಮೂಲ ಪ್ರಾಣಿಯೂ ಅಲ್ಲ. ನಾರ್ಮನ್ ದೊರೆಗಳ ಕಾಲದಲ್ಲಿ, ಸುಮಾರು 12ನೇ ಶತಮಾನದಲ್ಲಿ, ಮಾಂಸಕ್ಕೂ ತುಪ್ಪಳಕ್ಕೂ ಸಾಕಿದ ಮೊಲಗಳು ಬೇಲಿ ದಾಟಿ ಹೊಲಕ್ಕೆ ಬಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಂಸಕ್ಕೆ ರೇಷನ್ ಇದ್ದಾಗ ರೇಷನ್ ಇಲ್ಲದೆ ಸಿಗುತ್ತಿದ್ದದ್ದು ಮೊಲ. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ರೋಗ ಬಂದು ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮೊಲಗಳು ಸತ್ತವು. ಕಣ್ಣು ಊದಿ, ಕುರುಡಾಗಿ ದಾರಿಯಲ್ಲಿ ಬಿದ್ದಿರುತ್ತಿದ್ದ ಅವುಗಳನ್ನು ಕಂಡವರು ಮತ್ತೆ ಮೊಲದ ಮಾಂಸ ಮುಟ್ಟಲಿಲ್ಲವಂತೆ. ಅಜ್ಜನ ತಾಯಿಯೂ ಮುಟ್ಟಲಿಲ್ಲವಂತೆ. ಈಗಲೂ ಮೊಲ ಬೆಳೆ ತಿನ್ನುತ್ತದೆ, ಕುರಿಯ ಮೇವು ತಿನ್ನುತ್ತದೆ. ಆದ್ದರಿಂದ ರೈತರೇ ಅಜ್ಜನನ್ನು ಕರೆಯುತ್ತಾರೆ.

ಅಜ್ಜನ ಮರದ ಪೆಟ್ಟಿಗೆಯಲ್ಲಿ ಎರಡು ಫೆರೆಟ್‌ಗಳಿದ್ದವು. ನೋಡಲು ನಮ್ಮ ಮುಂಗುಸಿಯ ಹಾಗೆ, ಆದರೆ ಮುಂಗುಸಿಯಲ್ಲ. ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿ ಪಳಗಿ ಆದದ್ದು. ವಾಸನೆ ಮಾತ್ರ ಮೂಗು ಮುಚ್ಚಿಕೊಳ್ಳುವಂಥದ್ದು! ಈ ವಿದ್ಯೆ ಇಂದಿನದಲ್ಲ. ಸ್ಪೇನ್ ಬಳಿಯ ಬಲೆಯಾರಿಕ್ ದ್ವೀಪಗಳ ಜನ ಮೊಲದ ಕಾಟ ತಾಳಲಾರದೆ ರೋಮಿನ ಚಕ್ರವರ್ತಿ ಅಗಸ್ಟಸ್‌ನಲ್ಲಿ ಸೈನ್ಯದ ಸಹಾಯ ಕೇಳಿದ್ದನ್ನು ಪ್ಲಿನಿ ಬರೆದಿದ್ದಾನೆ. ಬಿಲಕ್ಕೆ ಬಿಡಲು ಉತ್ತರ ಆಫ್ರಿಕಾದಿಂದ ತಂದ ಇಂಥದ್ದೇ ಪ್ರಾಣಿಯ ಮಾತು ಸ್ಟ್ರಾಬೊ ಬರೆದದ್ದರಲ್ಲಿದೆ.

ಬಿಲದ ಹತ್ತಿರ ಮಾತಾಡಬಾರದು, ಕಾಲು ಸಪ್ಪಳವೂ ಆಗಬಾರದು. ಅಜ್ಜ ಮೊಣಕಾಲೂರಿ, ಎಳೆದರೆ ಬಾಯಿ ಬಿಗಿಯುವ ಚೀಲದಂಥ ಬಲೆಯನ್ನು ಒಂದೊಂದು ಬಾಯಿಗೂ ಹಾಸಿ ಗೂಟ ಹೊಡೆದರು. ಆಮೇಲೆ ಫೆರೆಟ್ ಒಳಗೆ ಹೋಯಿತು. ಚಳಿಯಲ್ಲಿ ನಿಂತೆವು. ನೆಲದಡಿಯಿಂದ ಯಾರೋ ಬಾಗಿಲು ಬಡಿದ ಹಾಗೆ ಧಬ್ ಎಂದಿತು. ಮೊಲ ಹಿಂಗಾಲಿನಿಂದ ತನ್ನವರಿಗೆ ಕೊಡುವ ಎಚ್ಚರಿಕೆ ಅದು. ಮರುಕ್ಷಣ ಒಂದು ಬಲೆ ನೆಗೆದು ಉಂಡೆಯಾಯಿತು. ಅಜ್ಜ ಮೊಲವನ್ನು ಬಿಡಿಸಿ, ಒಂದೇ ಎಳೆತಕ್ಕೆ ಕತ್ತು ಮುರಿದರು. ನಾನು ಮುಖ ತಿರುಗಿಸಿದೆ.

ಎರಡನೇ ಫೆರೆಟ್ ಹೋದದ್ದು ಹೊರಗೇ ಬರಲಿಲ್ಲ. ಅದರ ಕುತ್ತಿಗೆಯ ಪಟ್ಟಿಯಲ್ಲಿ ಪುಟ್ಟ ರೇಡಿಯೋ ಇತ್ತು. ಅಜ್ಜ ಕೈಯಲ್ಲಿನ ಪೆಟ್ಟಿಗೆಯ ಸದ್ದು ಕೇಳುತ್ತಾ ಜಾಗ ಗುರುತಿಸಿ ಸಲಿಕೆಯಿಂದ ಮೊಣಕೈ ಆಳ ಅಗೆದರು. ಒಳಗೆ ಅದು ಮೊಲವನ್ನು ಕೊಂದು ಅದರ ಮೇಲೆಯೇ ಕುಳಿತಿತ್ತು, ಮೂತಿಯೆಲ್ಲ ರಕ್ತ. ಅದೀ ಬಿನ್ ಹಾತಿಮ್(ರ) ಪ್ರವಾದಿಯವರಲ್ಲಿ(ಸ) ನಾಯಿಯ ಬೇಟೆಯ ಬಗ್ಗೆ ಕೇಳಿದಾಗ, ನಾಯಿ ಅದರಿಂದ ತಿಂದಿದ್ದರೆ ತಿನ್ನಬೇಡ, ಅದು ತನಗಾಗಿ ಹಿಡಿದಿರಬಹುದು ಎಂಬ ಅರ್ಥದ ಉತ್ತರ ಸಿಕ್ಕಿತ್ತು. ಎಷ್ಟು ಸಲ ಬೋರ್ಡಿನ ಮೇಲೆ ಬರೆದ ಮಾತದು! 'ತನಗಾಗಿ' ಎಂದರೆ ಹೇಗಿರುತ್ತದೆಂದು ಆ ಗುಂಡಿಯಲ್ಲಿ ಕಂಡೆ.

ಅಷ್ಟರಲ್ಲಿ ಮುಳ್ಳುಕಂಟಿಯ ಕೆಳಗಿನಿಂದ, ಬಲೆ ಹಾಕದೆ ಉಳಿದ ಬಾಯಿಯೊಂದರಿಂದ ಮೊಲ ಹಾರಿ ಓಡಿತು. ಅಜ್ಜ ಒಂದು ಶಬ್ದ ಮಾಡಿದರು. ಅಲ್ಲಿಯವರೆಗೆ ಅವರ ಪಕ್ಕದಲ್ಲಿ ನಡುಗುತ್ತಾ ಕುಳಿತಿದ್ದ ನಾಯಿ ಬಾಣದಂತೆ ಹೋಯಿತು. ಲರ್ಚರ್ ಎನ್ನುತ್ತಾರೆ, ಗ್ರೇಹೌಂಡಿನ ಓಟಕ್ಕೆ ಕುರಿ ಕಾಯುವ ಕೋಲಿಯ ಬುದ್ಧಿ ಬೆರೆಸಿದ ತಳಿ. ಹೆಚ್ಚು ಕಡಿಮೆ ನಮ್ಮ ಮುಧೋಳ ನಾಯಿಯ ಮೈಕಟ್ಟು. ಮುಧೋಳದ್ದೂ ಮೊಲದ ಬೆನ್ನಟ್ಟಿದ್ದ ನಾಯಿಯೇ, ಆದರೆ ನಮ್ಮಲ್ಲಿ ಮೊಲದ ಬೇಟೆಗೆ 1972ರ ಕಾಯ್ದೆಯ ನಿಷೇಧವಿದೆ. ಅಲ್ಲಿಯೂ 2005ರ ಫೆಬ್ರವರಿಯಿಂದ ನಾಯಿ ಬಿಟ್ಟು ನರಿ, ಜಿಂಕೆಗಳನ್ನು ಬೇಟೆಯಾಡುವಂತಿಲ್ಲ. ಇಲಿಗೆ, ಬಿಲದ ಮೊಲಕ್ಕೆ ಮಾತ್ರ, ಜಮೀನಿನವರ ಒಪ್ಪಿಗೆಯಿದ್ದರೆ, ವಿನಾಯಿತಿ.

ನಾಯಿ ಗೋಡೆಯ ಹತ್ತಿರ ಮೊಲವನ್ನು ಹಿಡಿದು ಅದೇ ವೇಗದಲ್ಲಿ ತಿರುಗಿ ಬಂತು. ಹೊಟ್ಟೆ ಬೆನ್ನಿಗಂಟಿದ ನಾಯಿ. ಬಾಯಲ್ಲಿ ಮೊಲ ಜೀವಂತವಾಗಿ ಒದ್ದಾಡುತ್ತಿತ್ತು. ಅಜ್ಜನ ಅಂಗೈ ಮೇಲೆ ಅದನ್ನಿಟ್ಟು, ಅವರ ಮುಖವನ್ನೇ ನೋಡುತ್ತಾ ನಿಂತಿತು. ಮೈಯ ಮೇಲೆ ಹಲ್ಲಿನ ಗುರುತೂ ಇರಲಿಲ್ಲ.

ಅಜ್ಜ ಎರಡು ಮೊಲಗಳನ್ನು ಕಾಲು ಹೆಣೆದು ನನಗೆ ನೀಡಿದರು. ಅತಿಥಿಗೆ ಉಡುಗೊರೆ. ಕೈ ಚಾಚಲಾಗಲಿಲ್ಲ, ಬೇಡ ಎನ್ನಲೂ ನಾಲಿಗೆ ಏಳಲಿಲ್ಲ. ಮೊಲ ನಮಗೆ ನಿಷಿದ್ಧವಲ್ಲ. ಮಕ್ಕಾದ ಬಳಿಯ ಮರ್ರುಝ್ಝಹ್ರಾನ್‌ನಲ್ಲಿ ಅನಸ್(ರ) ಓಡಿ ಹಿಡಿದ ಮೊಲವನ್ನು ಅಬೂ ತಲ್ಹಾ(ರ) ಝಬಹ್ ಮಾಡಿ ತೊಡೆಯನ್ನು ಕಳಿಸಿದಾಗ ಪ್ರವಾದಿ(ಸ) ಸ್ವೀಕರಿಸಿದ್ದರು. ಆದರೆ ಇವು ಕತ್ತು ಮುರಿದವು. ನನ್ನ ಬಿ.ಎ. ಇಂಗ್ಲಿಷಿನಲ್ಲಿ ತೊದಲುತ್ತಾ ಹೇಳಿದೆ: ಬಿಡುವಾಗ ಅಲ್ಲಾಹನ ಹೆಸರು ಹೇಳಬೇಕು, ನಾಯಿ ಕಲಿತದ್ದಾಗಿರಬೇಕು, ತಿನ್ನಬಾರದು, ಪ್ರಾಣವಿದ್ದು ಕೈಗೆ ಸಿಕ್ಕರೆ ಝಬಹ್ ಮಾಡಲೇಬೇಕು. ಕಲಿತದ್ದೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದರು. ಮೂರು ಬಾರಿ ಹಿಡಿದೂ ತಿನ್ನದಿದ್ದರೆ ಎಂದು ನಮ್ಮ ಹನಫಿ ಗ್ರಂಥಗಳಲ್ಲಿದೆ ಎಂದೆ. ಅಜ್ಜ ನಾಯಿಯ ಕಿವಿ ಸವರಿದರು. ಹಲ್ಲೂರುವ ನಾಯಿಯನ್ನು ತಾವೂ ಇಟ್ಟುಕೊಳ್ಳುವುದಿಲ್ಲ, ಜಜ್ಜಿದ ಮೊಲವನ್ನು ಕಟುಕ ಕೊಳ್ಳುವುದಿಲ್ಲ ಎಂದರು. ಮೂರು ಬಾರಿ ಮಾತ್ರ ಕಡಿಮೆಯಾಯಿತಂತೆ. ಈ ನಾಯಿಗೆ ಒಂದಿಡೀ ಚಳಿಗಾಲ ಹಿಡಿದಿತ್ತು.

ಮನೆಯಲ್ಲಿ ತಂಗಿಯ ಆರು ವರ್ಷದ ಮಗಳು ಬಾಗಿಲಲ್ಲೇ ತಡೆದು, "ಖಾಲಾ, ಪೀಟರನ್ನು ತಂದಿಲ್ಲ ತಾನೇ?" ಎಂದು ಕೈಚೀಲ ತಡಕಿದಳು. 1902ರಲ್ಲಿ ಬಂದ ಬಿಯಾಟ್ರಿಕ್ಸ್ ಪಾಟರ್ ಅವರ ಪೀಟರ್ ಮೊಲದ ಕಥೆ ಅವಳ ತಲೆದಿಂಬಿನ ಬಳಿ ಇರುತ್ತದೆ. ಆ ಕಥೆಯಲ್ಲಿ ಪೀಟರನ ಅಪ್ಪ ತೋಟದವನ ಹೆಂಡತಿಯ ಅಡುಗೆಗೆ ಹೋಗಿರುತ್ತಾನೆ. ಅಂದು ರಾತ್ರಿ ಎಲ್ಲರೂ ಬೇಳೆ ಸಾರು ಉಂಡೆವು.

ಪ್ರಶ್ನೆ ಕೇಳಿದ್ದ ಹುಡುಗಿ ಈಗ ಭದ್ರಾವತಿಯಲ್ಲಿ ಎರಡು ಮಕ್ಕಳ ತಾಯಿ. ಹಾಸಿಗೆಯಲ್ಲಿ ಕುಳಿತು ಕಂಡದ್ದೆಲ್ಲವನ್ನೂ ಫೋನಿನಲ್ಲಿ ಮಾತಾಡಿ ಕಳಿಸಿದೆ, ಅಂದು ಗದರಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಫಜರಿನ ಹೊತ್ತಿಗೆ ಉತ್ತರ ಬಂದಿತ್ತು: "ಆಪಾ, ಹಾಗಾದರೆ ಆ ಫೆರೆಟ್‌ಗೂ ಕಲಿಸಲು ಬರುವುದಿಲ್ಲವೇ? ಕಲಿಸಿದರೆ ಅದರದ್ದೂ ಹಲಾಲೇ?"